ಎನ್100 ಮದರ್‌ಬೋರ್ಡ್: ಮನೆಯ ಸ್ಟೋರೇಜ್ ಸರ್ವರ್‌ಗೆ ಹೇಳಿ ಮಾಡಿಸಿದ್ದು

ನಾನೇ ಜೋಡಿಸಿದ ಸರ್ವರ್‌ಗೆ ಇಂಟೆಲ್ ಎನ್100 ಚಿಪ್‌ನ ಬೋರ್ಡ್ ಹಾಕಿದ್ದೇನೆ, ಬಹಳ ಮೆಚ್ಚಿಕೊಂಡಿದ್ದೇನೆ. ನಾಲ್ಕು ಕೋರ್, 6 ವಾಟ್, ಫ್ಯಾನ್ ಸದ್ದಿಲ್ಲ.

ಆದರೆ ಬೋರ್ಡ್ ಕೊಂಡ ಮಾತ್ರಕ್ಕೆ ಕರೆಂಟ್ ಉಳಿಯುವುದಿಲ್ಲ. ಬಳಕೆಯಿಲ್ಲದಾಗ ಪಿಸಿಐಇ ಸಂಪರ್ಕವನ್ನು (ಬೋರ್ಡ್‌ಗೆ ಕಾರ್ಡ್, ಡ್ರೈವ್‌ಗಳನ್ನು ಬೆಸೆಯುವ ಹಾದಿ) ಮಲಗಿಸುವ ಎಎಸ್‌ಪಿಎಂ ಸೌಲಭ್ಯ, ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಆಫ್ ಆಗಿಯೇ ಬಂದಿತ್ತು. ಆನ್ ಮಾಡಿ, ವಿದ್ಯುತ್ ಬಳಕೆ ತೋರಿಸುವ ಪವರ್‌ಟಾಪ್ ತಂತ್ರಾಂಶದಲ್ಲಿ ನೋಡಿದರೆ ಪ್ರೊಸೆಸರ್ ಸಿ3 ನಿದ್ರಾಸ್ಥಿತಿ (ಸಂಖ್ಯೆ ಹೆಚ್ಚಿದಷ್ಟೂ ನಿದ್ರೆ ಗಾಢ, ಕರೆಂಟ್ ಕಡಿಮೆ) ದಾಟುತ್ತಲೇ ಇಲ್ಲ! ಅಡ್ಡಗಾಲು ಹಾಕಿದ್ದು ಹಾರ್ಡ್ ಡಿಸ್ಕ್‌ಗಳನ್ನು ಜೋಡಿಸುವ ಹಳೆಯ ಸಾಟಾ ಕಾರ್ಡ್. ಅದನ್ನು ಕಿತ್ತು ಎಎಸ್‌ಎಂ1166 ಚಿಪ್‌ನ ಸಾಟಾ ಕಾರ್ಡ್ ಕೂರಿಸಿದ ಮೇಲೆ ಸಿ8ಕ್ಕೆ ಇಳಿಯಿತು. ಇದು ಜುಜುಬಿ ಉಳಿತಾಯವಲ್ಲ: ಹಗಲಿರುಳು ಓಡುವ ಯಂತ್ರದಲ್ಲಿ ಒಂದೊಂದು ವಾಟ್ ಎಂದರೂ ವರ್ಷಕ್ಕೆ ಸುಮಾರು 8.8 ಯೂನಿಟ್.

ಚಿಪ್‌ಗೆ ಮಿತಿಗಳೂ ಇವೆ: ಪಿಸಿಐಇ ಲೇನ್‌ಗಳು (ದತ್ತಾಂಶ ಸಾಗುವ ಹಾದಿಗಳು) 9 ಮಾತ್ರ, ಮೆಮೊರಿಗೆ ಒಂದೇ ಚಾನೆಲ್. ಹತ್ತು ಗಿಗಾಬಿಟ್ ನೆಟ್‌ವರ್ಕ್, ಹಲವು ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಡ್ರೈವ್ ಎಲ್ಲವೂ ಬೇಕೆನ್ನುವವರಿಗೆ ಸಾಲದು. ಮನೆಯ ಫೋಟೊ, ಬ್ಯಾಕಪ್‌ಗಳಿಗಾದರೆ ಕಣ್ಣು ಮುಚ್ಚಿ ಕೊಳ್ಳಬಹುದು.