ಡ್ರ್ಯಾಗನ್ಸ್ ಡಾಗ್ಮಾ 2: ಮೊದಲ ಎರಡು ಗಂಟೆ ನಂಬಿ ದುಡ್ಡು ಹಾಕಬೇಡಿ

ರಿಯಾಯಿತಿ ಕಂಡು ಕ್ಯಾಪ್‌ಕಾಮ್ ಕಂಪನಿಯ ವಿಡಿಯೋ ಗೇಮ್ ಡ್ರ್ಯಾಗನ್ಸ್ ಡಾಗ್ಮಾ 2 ಕೊಳ್ಳಲು ಹೊರಟಿದ್ದರೆ ಮೊದಲು ಒಂದು ಲೆಕ್ಕ ಹಾಕಿಕೊಳ್ಳಿ. ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಬೇಕೆಂದರೆ ಕೊಂಡು 14 ದಿನ ದಾಟಿರಬಾರದು, ಆಡಿದ್ದು 2 ಗಂಟೆ ಮೀರಿರಬಾರದು. ಈ ಆಟದ ನಿಜವಾದ ತೊಂದರೆಗಳು ತಲೆ ಎತ್ತುವುದೇ ಆ ಎರಡು ಗಂಟೆ ಕಳೆದ ಮೇಲೆ. 2024ರ ಮಾರ್ಚ್ 22ರಂದು ಆಟ ಬಿಡುಗಡೆಯಾದಾಗ ಸುಮಾರು 70 ಡಾಲರ್ ಕೊಟ್ಟು ಕೊಂಡ ಎಷ್ಟೋ ಜನ ಸಿಕ್ಕಿಬಿದ್ದದ್ದು ಇಲ್ಲೇ.

ಶುರುವಿನ ಗಣಿ, ಕಾಡುದಾರಿ, ಮೆಲ್ವ್ ಹಳ್ಳಿ, ಇಲ್ಲೆಲ್ಲ ಜನ ಕಡಿಮೆ. ಆಟ ಸಲೀಸಾಗಿ ಓಡುತ್ತದೆ. ವರ್ನ್‌ವರ್ತ್ ಎಂಬ ರಾಜಧಾನಿಗೆ ಕಾಲಿಟ್ಟ ಕೂಡಲೇ ಫ್ರೇಮ್ ದರ (ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ಕುಸಿಯುತ್ತದೆ. ಕಾರಣ ಗ್ರಾಫಿಕ್ಸ್ ಕಾರ್ಡ್ ಅಲ್ಲ, ಸಿಪಿಯು, ಅಂದರೆ ಕಂಪ್ಯೂಟರಿನ ಮುಖ್ಯ ಪ್ರೊಸೆಸರ್. ಊರಿನ ಪ್ರತಿಯೊಬ್ಬ ಪಾತ್ರಧಾರಿಯ ಚಲನವಲನವನ್ನು, ಅವರ ಇರುವಿಕೆ ಸುತ್ತಮುತ್ತ ಬೀರುವ ಪರಿಣಾಮವನ್ನು ಆಟ ಆಗಿಂದಾಗ್ಗೆ ಲೆಕ್ಕ ಹಾಕುತ್ತಿರುತ್ತದೆ. ಆ ಹೊರೆಯೆಲ್ಲ ಸಿಪಿಯು ಮೇಲೆ. ಕ್ಯಾಪ್‌ಕಾಮ್ ಕೂಡ ಇದನ್ನು ಒಪ್ಪಿಕೊಂಡಿತ್ತು. ಹಾಗಾಗಿ ರೆಸಲ್ಯೂಶನ್ ಇಳಿಸಿ, ನೆರಳು ತೆಗೆದು, ಟೆಕ್ಸ್ಚರ್ ಕಡಿಮೆ ಮಾಡಿದರೂ ಊರೊಳಗೆ ಹೆಚ್ಚೇನೂ ಗಿಟ್ಟುವುದಿಲ್ಲ. ಅನುಮಾನವಿದ್ದರೆ ನೀವೇ ನೋಡಿ: ಫ್ರೇಮ್ ಬಿದ್ದಿರುವಾಗ ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇ. 60ರ ಆಸುಪಾಸಿನಲ್ಲೇ ನಿಂತಿದ್ದರೆ ಅಡಚಣೆ ಸಿಪಿಯುದೇ. ನಡುನಡುವೆ ಕೃತಕ ಫ್ರೇಮ್ ಸೇರಿಸುವ ಫ್ರೇಮ್ ಜನರೇಶನ್ ಹಾಕಿದರೆ ಪರದೆಯ ಮೇಲಿನ ಅಂಕಿ ಏರುತ್ತದೆ, ಬಟನ್ ಒತ್ತಿದ ಮೇಲಾಗುವ ತಡ ಮಾತ್ರ ಇಳಿಯುವುದಿಲ್ಲ.

ಸಿಸ್ಟಮ್ ಬೇಡಿಕೆಯ ಪಟ್ಟಿಯನ್ನೂ ಗಮನವಿಟ್ಟು ಓದಬೇಕು. ಕನಿಷ್ಠ ಮಟ್ಟಕ್ಕೆ ಹೇಳಿದ್ದು 1080ಪಿ, 30 ಫ್ರೇಮ್. ಆರ್‌ಟಿಎಕ್ಸ್ 2080 ಗ್ರಾಫಿಕ್ಸ್ ಕಾರ್ಡ್ ಕೇಳುವ 'ಶಿಫಾರಸು' ಮಟ್ಟಕ್ಕೆ ಹೇಳಿದ್ದು 2160ಐ, ಅದೂ 30 ಫ್ರೇಮ್. ಕೊನೆಯ ಅಕ್ಷರ 'ಪಿ' ಅಲ್ಲ, 'ಐ', ಒಂದು ಬಿಟ್ಟು ಒಂದು ಗೆರೆ ಮೂಡಿಸುವ ಕ್ರಮ. ಅಂದರೆ ಪೂರ್ತಿ 4ಕೆ ಚಿತ್ರವಲ್ಲ. ಶಿಫಾರಸು ಅಂದರೆ 60 ಫ್ರೇಮ್ ಎಂದುಕೊಂಡು ಕೊಂಡವರು ಬೇಸತ್ತದ್ದರಲ್ಲಿ ಆಶ್ಚರ್ಯವಿಲ್ಲ. ಆಮೇಲಿನ ಅಪ್‌ಡೇಟ್‌ಗಳಿಂದ ಪರಿಸ್ಥಿತಿ ಸುಧಾರಿಸಿದೆ, ಆದರೆ ಹಳೆಯ ಸಿಪಿಯು ಇರುವವರು ಪರೀಕ್ಷಿಸದೆ ನಂಬುವಂತಿಲ್ಲ.

ಪರೀಕ್ಷೆ ಹೀಗಿರಲಿ. ಪಾತ್ರ ರೂಪಿಸುವ ಕ್ಯಾರೆಕ್ಟರ್ ಕ್ರಿಯೇಟರ್ ಪ್ರತ್ಯೇಕವಾಗಿ, ಉಚಿತವಾಗಿ ಬಿಡುಗಡೆಯಾಗಿತ್ತು. ನಿಮ್ಮ ಪಾತ್ರ, ಆಟವೇ ನಡೆಸುವ ಜೊತೆಗಾರ 'ಪಾನ್' ಇಬ್ಬರನ್ನೂ ಅದರಲ್ಲೇ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಮೂಗು, ಹುಬ್ಬು ತಿದ್ದುವಷ್ಟರಲ್ಲೇ ರೀಫಂಡ್ ಗಡುವಿನ ಮುಕ್ಕಾಲು ಗಂಟೆ ಹೋಗಿರುತ್ತದೆ. ಆಟ ತೆರೆದ ಮೇಲೆ ಪಕ್ಕದ ದಾರಿಗಳಿಗೆ ಇಳಿಯದೆ ಮೆಲ್ವ್‌ಗೆ ಹೋಗಿ, ಅಲ್ಲಿಂದ ಎತ್ತಿನ ಗಾಡಿ ಹತ್ತಿ ನೇರ ವರ್ನ್‌ವರ್ತ್‌ಗೆ ಬನ್ನಿ. ಹಗಲು ಹೊತ್ತಿನಲ್ಲಿ ವ್ಯಾಪಾರಿಗಳ ಬೀದಿಯಲ್ಲಿ ಹತ್ತು ನಿಮಿಷ ಓಡಾಡಿ. ಅಲ್ಲಿ ಸಿಗುವ ಫ್ರೇಮ್ ದರ ಸಾಕೆನಿಸಿದರೆ ಇಟ್ಟುಕೊಳ್ಳಿ, ಸಾಲದಿದ್ದರೆ ಅಲ್ಲೇ ಮುಚ್ಚಿ ರೀಫಂಡ್ ಕೇಳಿ.

ಇನ್ನು ಸೇವ್ ವ್ಯವಸ್ಥೆ. ಸಿಟ್ಟು ಬರಬೇಕಾದ ಜಾಗ ಇದೇ. ಬೇಕಾದಷ್ಟು ಸೇವ್ ಇಟ್ಟುಕೊಂಡು ಹಿಂದೆ ಮುಂದೆ ಹೋಗುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಒಂದು ಆಟೋಸೇವ್, ಇನ್ನೊಂದು ವಸತಿಗೃಹದಲ್ಲಿ ಕೊನೆಯ ಸಲ ಮಲಗಿದಾಗಿನದು. ಮೊದಲ ವಾರವಂತೂ 'ಹೊಸ ಆಟ' ಎಂಬ ಆಯ್ಕೆಯೇ ಮೆನುವಿನಲ್ಲಿರಲಿಲ್ಲ. ಪಿಸಿಯವರು ಕ್ಲೌಡ್ ಸೇವ್ ಆಫ್ ಮಾಡಿ, ಫೈಲನ್ನು ಕೈಯಾರೆ ಅಳಿಸಬೇಕಾಯಿತು. ಆಮೇಲೆ ಅದನ್ನು ಸೇರಿಸಿದರು, ಸರಿ. ಆದರೆ ಇಷ್ಟು ಮೂಲಭೂತವಾದದ್ದು ಬಿಟ್ಟುಹೋದ ಆಟಕ್ಕೆ ಪೂರ್ತಿ ಬೆಲೆ ವಸೂಲಿ ಮಾಡಿದ್ದು ಅನ್ಯಾಯ.

ಈ ಸೇವ್ ವ್ಯವಸ್ಥೆಯ ಮೇಲೆ ಡ್ರ್ಯಾಗನ್ಸ್‌ಪ್ಲೇಗ್ ಎಂಬ ರೋಗ ಬೇರೆ. ಒಂದು ಪಾನ್‌ನಿಂದ ಇನ್ನೊಂದಕ್ಕೆ ಹರಡುವ ಇದು ಬಲಿತ ಮೇಲೆ ನೀವು ಊರಿನ ವಸತಿಗೃಹದಲ್ಲಿ ಮಲಗಿದರೆ, ರಾತ್ರಿ ಆ ಪಾನ್ ಊರಿನ ಬಹುತೇಕರನ್ನು ಕೊಂದುಹಾಕುತ್ತದೆ. ಅಂಗಡಿಯವರೂ ಹೋದರು, ಅರ್ಧಕ್ಕೆ ನಿಂತ ಕ್ವೆಸ್ಟ್ ಕೊಟ್ಟವರೂ ಹೋದರು. ಶವಾಗಾರದಲ್ಲಿ ವೇಕ್‌ಸ್ಟೋನ್ ಬಳಸಿ ಬದುಕಿಸಬಹುದು, ಆದರೆ ಒಂದು ಕಲ್ಲಿಗೆ ಒಬ್ಬರು, ಒಂದು ಕಲ್ಲಾಗಲು ಮೂರು ಚೂರು ಬೇಕು. ಊರಿಗೆ ಊರನ್ನೇ ಎಬ್ಬಿಸುವಷ್ಟು ಯಾರ ಬಳಿ ಇರುತ್ತದೆ? ಮಲಗುವ ಮುನ್ನ ಪ್ರತಿ ಸಲ ಮೂರೂ ಪಾನ್‌ಗಳ (ನಿಮ್ಮದೊಂದು, ಬಾಡಿಗೆಯವೆರಡು) ಮುಖ ನೋಡಿ: ಕಣ್ಣು ಕೆಂಪಗೆ ಹೊಳೆಯುವುದು, ತಲೆ ಹಿಡಿದುಕೊಳ್ಳುವುದು, ಹೇಳಿದ ಮಾತು ಕೇಳದಿರುವುದು ಇದರ ಲಕ್ಷಣ. ಬಾಡಿಗೆ ಪಾನ್ ಆದರೆ ಕಳಿಸಿಬಿಡಿ. ನಿಮ್ಮದೇ ಮುಖ್ಯ ಪಾನ್ ಆದರೆ ಎತ್ತಿ ಆಳ ನೀರಿಗೆ ಎಸೆದು, ಆಮೇಲೆ ರಿಫ್ಟ್‌ಸ್ಟೋನ್ ಎಂಬ ಕಲ್ಲಿನ ಬಳಿ ವಾಪಸ್ ಕರೆಸಿಕೊಳ್ಳಿ. ಕ್ರೂರವೆನಿಸಿದರೂ ಹಾಗೆ ಮಾಡಿದರೆ ರೋಗ ಹೋಗುತ್ತದೆ.

ಬಿಡುಗಡೆಯ ದಿನವೇ ನಿಜವಾದ ದುಡ್ಡಿಗೆ ಮಾರಾಟಕ್ಕಿಟ್ಟ ಆಟದ ಸಾಮಾನುಗಳ ತಂಟೆಗೆ ಹೋಗಬೇಡಿ. ಒಂದು ಪೋರ್ಟ್‌ಕ್ರಿಸ್ಟಲ್ ಕೊಂಡರೆ ಎಲ್ಲೆಂದರಲ್ಲಿಗೆ ಹಾರಬಹುದು ಎಂದುಕೊಂಡವರು ಮೋಸಹೋದರು. ಅದು ಹೋಗಿ ಇಳಿಯುವ ಜಾಗ ಮಾತ್ರ. ಹಾರಲು ಪ್ರತಿ ಸಲ ಒಂದು ಫೆರ್ರಿಸ್ಟೋನ್ ಖರ್ಚಾಗುತ್ತದೆ, ಅದಕ್ಕೆ ಆಟದ ದುಡ್ಡಿನಲ್ಲಿ 10,000 ತೆರಬೇಕು. ಮುಖ ಬದಲಿಸುವ ಪುಸ್ತಕಕ್ಕೂ ಕೈಯಿಂದ ಹಾಕಬೇಡಿ. ಆಟದೊಳಗಿನ ಪಾನ್ ಗಿಲ್ಡ್ ಅಂಗಡಿಯಲ್ಲಿ, ಆಟದ ಇನ್ನೊಂದು ನಾಣ್ಯವಾದ ರಿಫ್ಟ್ ಕ್ರಿಸ್ಟಲ್‌ಗೆ ಸಿಗುತ್ತದೆ, ಅಪ್‌ಡೇಟ್ ನಂತರ ಅಲ್ಲಿನ ದಾಸ್ತಾನನ್ನೂ 99ಕ್ಕೆ ಏರಿಸಿದ್ದಾರೆ. ದೂರ ಪ್ರಯಾಣವನ್ನು ಬೇಕೆಂದೇ ಕಷ್ಟಮಾಡಿ, ಆ ಕಷ್ಟ ತಗ್ಗಿಸುವ ಸಾಮಾನನ್ನು ಪಕ್ಕದಲ್ಲೇ ಮಾರಾಟಕ್ಕಿಟ್ಟದ್ದು ಜನರ ಮನಸ್ಸು ಕೆಡಿಸಿತು, ಸರಿಯಾಗಿಯೇ.

ಗ್ರಿಫಿನ್ ಬೆನ್ನೇರಿ ಕಾದಾಡುವ ರೋಮಾಂಚನ ಬೇರೆ ಆಟದಲ್ಲಿ ಸುಲಭಕ್ಕೆ ಸಿಗದು, ಅದು ನಿಜ. ಆದರೆ ಇಪ್ಪತ್ತು ಮೂವತ್ತು ಗಂಟೆ ಕಳೆದರೂ ದಾರಿಗಡ್ಡ ಬರುವುದು ಅವೇ ಗಾಬ್ಲಿನ್, ಅವೇ ಹಲ್ಲಿಮನುಷ್ಯರು, ಅವೇ ಹಾರ್ಪಿಗಳು. ರೀಫಂಡ್ ಗಡುವಿನೊಳಗೆ ಇದು ಗೊತ್ತಾಗುವುದೇ ಇಲ್ಲ.

ಪ್ಲೇಸ್ಟೇಷನ್‌ನವರಿಗೆ ಎರಡು ಗಂಟೆಯ ಅವಕಾಶವೂ ಇಲ್ಲ. ಅಲ್ಲಿ 14 ದಿನದ ನಿಯಮ ಅನ್ವಯವಾಗುವುದು ಡೌನ್‌ಲೋಡ್ ಶುರುವಾಗದಿದ್ದರೆ ಮಾತ್ರ. ಕೊಳ್ಳುವ ಮೊದಲು ಕನ್ಸೋಲಿನ ಸೆಟ್ಟಿಂಗ್ಸ್‌ಗೆ ಹೋಗಿ ತಾನಾಗೇ ಡೌನ್‌ಲೋಡ್ ಆಗುವುದನ್ನು ಆಫ್ ಮಾಡಿ.