ಸ್ಪಾಂಜ್ ಐರನ್ ಎಚ್ಚರಿಕೆ: ಪದವೋ, ವಾಕ್ಯವೋ?

ಬಳ್ಳಾರಿ, ಕೊಪ್ಪಳದ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ತಯಾರಿಸುವ, ಸಣ್ಣ ರಂಧ್ರಗಳಿರುವ ಕಬ್ಬಿಣ) ಕಾರ್ಖಾನೆಗಳಿಗೆ ಇಂಗ್ಲಿಷ್ ಸುರಕ್ಷತಾ ಹಾಳೆಯನ್ನು ಕನ್ನಡಕ್ಕೆ ತರುವಾಗ ಎರಡು ದಾರಿಗಳಿವೆ: ‘ನೀರಿನೊಂದಿಗೆ ಪ್ರತಿಕ್ರಿಯಾಶೀಲ’ ಎಂಬ ಪಠ್ಯಪುಸ್ತಕದ ಮಾತು, ಇಲ್ಲವೇ ‘ನೀರು ತಾಗಿದರೆ ಬಿಸಿಯೇರಿ ಹೈಡ್ರೋಜನ್ ಬಿಡುತ್ತದೆ, ಬೆಂಕಿ ಹತ್ತಬಹುದು’ ಎಂಬ ಬಿಡಿಸಿದ ವಾಕ್ಯ.

ಮೊದಲನೆಯದು ಚಿಕ್ಕದು, ಲೇಬಲ್ಲಿಗೆ, ಕೋಷ್ಟಕಕ್ಕೆ ಹೊಂದುತ್ತದೆ, ಹಾಳೆಯುದ್ದಕ್ಕೂ ಒಂದೇ ರೂಪದಲ್ಲಿ ಉಳಿಯುತ್ತದೆ. ಆದರೆ ಏನಾಗುತ್ತದೆಂದು ಹೇಳುವುದಿಲ್ಲ. ಬಿಸಿಯೇರಿದ ರಾಶಿಗೆ ನೀರು ಹೊಡೆದು ಆರಿಸಲು ಹೋಗುವುದೇ ಇಲ್ಲಿನ ನಿಜವಾದ ಅಪಾಯ, ಆ ಕೈಯನ್ನು ಈ ಪದ ತಡೆಯಲಾರದು. ವಾಕ್ಯ ತಡೆಯುತ್ತದೆ. ಅದರ ತೊಂದರೆಯೆಂದರೆ ಪುಟದಿಂದ ಪುಟಕ್ಕೆ ಬದಲಾಗುವುದು: ಒಂದು ಕಡೆ ‘ಹತ್ತಬಹುದು’, ಇನ್ನೊಂದು ಕಡೆ ‘ಹತ್ತುತ್ತದೆ’. ಅಪಾಯದ ಮಟ್ಟವೇ ಬದಲಾದಂತೆ.

ಇಂಜಿನಿಯರ್‌ಗಳು ಓದುವ ಹಾಳೆಗೆ ಪದ ಸಾಕು. ಲೋಡಿಂಗ್ ಜಾಗದ ಫಲಕಕ್ಕೆ ವಾಕ್ಯವೇ ಬೇಕು, ಕೆಳಗೆ ದೊಡ್ಡಕ್ಷರದಲ್ಲಿ: ‘ನೀರು ಹಾಕಬೇಡಿ’.