2,600 ರೂಪಾಯಿಗೆ ಬಂದ 14 ಪುಟ

ಸ್ಟಾರ್ ಕೊಡೋದಾದರೆ ಐದಕ್ಕೆ ಒಂದೂವರೆ. ಆ ಅರ್ಧ ಯಾಕೆ ಅಂದರೆ, ಹೇಳಿದ ದಿನಕ್ಕೆ ಸರಿಯಾಗಿ ಮೇಲ್ ಕಳಿಸಿದರು.

ಮಹಾಯುದ್ಧದಲ್ಲಿದ್ದ ಯಾರದಾದರೂ ಹೆಸರು ಕೊಡಿ, ದುಡ್ಡು ಕಟ್ಟಿ, ಅವರ ದಾಖಲೆ ಹುಡುಕಿ ರಿಪೋರ್ಟ್ ಮಾಡಿ ಕೊಡ್ತೀವಿ ಅನ್ನೋ ಆನ್‌ಲೈನ್ ಸೇವೆ ಇದು. ಯಾವುದು ಅಂತ ಹೆಸರು ಹೇಳೋದಿಲ್ಲ. ಇಂಥವು ನಾಲ್ಕಾರು ಇವೆ, ಎಲ್ಲದರ ಜಾಹೀರಾತೂ ಒಂದೇ ಥರ ಇರುತ್ತದೆ.

ನಾನು ಕೊಟ್ಟ ಹೆಸರು ಆನ್ರಿ ಅಕೋಕಾ. ಈ ಹುಚ್ಚು ಹತ್ತಿದ್ದು ನಮ್ಮ ಕಾಕಾನಿಂದ. ಕಾಕಾ ಕಲಬುರಗಿಯಲ್ಲಿ ಮೂವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು. ಅವರ ಪಾಲಿಗೆ ಕ್ಲಾರಿನೆಟ್ ಅಂದರೆ ರಾಯಚೂರಿನ ನರಸಿಂಹಲು ವಡವಾಟಿ, ಬೇರೆಯವರು ಲೆಕ್ಕಕ್ಕೇ ಇಲ್ಲ. ಒಂದು ರಾತ್ರಿ ಕರೆಂಟ್ ಹೋಗಿತ್ತು, ಮಾಳಿಗೆ ಮೇಲೆ ಕೂತಿದ್ದೆವು, ಸುಮ್ನೆ ಅಂತ ಮೊಬೈಲಲ್ಲಿ ಫ್ರೆಂಚ್ ಸಂಗೀತ ರಚನಕಾರ ಮೆಸಿಯಾನ್ ಅವರ 'ಕ್ವಾರ್ಟೆಟ್ ಫಾರ್ ದಿ ಎಂಡ್ ಆಫ್ ಟೈಮ್' ಹಚ್ಚಿದೆ. ಅದರ ಮೂರನೇ ಭಾಗದಲ್ಲಿ ಕ್ಲಾರಿನೆಟ್ ಒಂದೇ. ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಶುರುವಾದ ಒಂದೇ ಸ್ವರ ಮೆಲ್ಲಗೆ ಉಬ್ಬುತ್ತಾ ಉಬ್ಬುತ್ತಾ ಕಿವಿ ಗುಂಯ್ ಅನ್ನುವ ತನಕ ಹೋಗುತ್ತದೆ. ಕಾಕಾ ಮೊಬೈಲ್ ಕಿತ್ತುಕೊಂಡು ಕಿವಿಗೆ ಹಿಡಿದರು. "ಲೇ ತಮ್ಮಾ, ಇಂವ ಉಸುರ ಯಾವಾಗ ತಗೋತಾನ?" ಅಂದರು. ಮೂರು ಸಲ ಹಾಕಿಸಿದರು. ಆಮೇಲೆ, "ಇದನ್ನ ಮೊದಲು ಊದಿದಾಂವ ಯಾರು?"

ಮೊದಲು ಊದಿದವನೇ ಅಕೋಕಾ. 1912ರಲ್ಲಿ ಅಲ್ಜೀರಿಯಾದಲ್ಲಿ ಹುಟ್ಟಿದ ಯಹೂದಿ, ಫ್ರಾನ್ಸಿನ ರೇಡಿಯೋ ಆರ್ಕೆಸ್ಟ್ರಾದಲ್ಲಿ ನೌಕರಿ. 1940ರ ಜೂನ್‌ನಲ್ಲಿ ಜರ್ಮನರ ಕೈಗೆ ಸಿಕ್ಕಿದಾಗ ಜೊತೆಗಿದ್ದವರು ಮೆಸಿಯಾನ್ ಮತ್ತು ಸೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸುತ್ತಿದ್ದ ಪಾಸ್ಕಿಯೇ. ನ್ಯಾನ್ಸಿ ಊರಿನ ಹತ್ತಿರ ಕೈದಿಗಳನ್ನು ಬಯಲಲ್ಲಿ ಕೂಡಿಹಾಕಿದ್ದರು. ಮೆಸಿಯಾನ್ ಬರೆದುಕೊಟ್ಟ ಈ ತುಣುಕನ್ನು ಅಲ್ಲೇ ಅಕೋಕಾ ಊದಿ ನೋಡಿದ, ನೋಟೇಶನ್ ಹಾಳೆ ಹಿಡಿದು ಸ್ಟ್ಯಾಂಡ್ ಥರ ನಿಂತವನು ಪಾಸ್ಕಿಯೇ. ಇದು ನನ್ನಿಂದ ಆಗೋದಲ್ಲ ಅಂತ ಅಕೋಕಾ ಗೊಣಗಿದನಂತೆ. ಅಲ್ಲಿಂದ ಮೂವರೂ ಗೊರ್ಲಿಟ್ಸ್‌ನ ಸ್ಟಾಲಾಗ್ 8-ಎ ಕೈದಿ ಶಿಬಿರಕ್ಕೆ. 1941ರ ಜನವರಿ 15ರಂದು ಇಡೀ ಕೃತಿಯನ್ನು ಮೊದಲ ಸಲ ನುಡಿಸಿದ್ದು ಆ ಶಿಬಿರದಲ್ಲೇ.

ಇಷ್ಟನ್ನು ನಾನೇ ಓದಿ ತಿಳಿದುಕೊಂಡಿದ್ದೆ. ದುಡ್ಡು ಕೊಟ್ಟಿದ್ದು ಇದಕ್ಕಿಂತ ಜಾಸ್ತಿ ಸಿಗಲಿ ಅಂತ ಅಲ್ವಾ?

ಮೂರು ವಾರಕ್ಕೆ ಪಿಡಿಎಫ್ ಬಂತು. ಮೊದಲ ಐದು ಪುಟ ಹಿಟ್ಲರ್. ಆಮೇಲೆ ನಾಲ್ಕು ಪುಟ ಟ್ಯಾಂಕು, ವಿಮಾನದ ಫೋಟೋ. ಅಕೋಕಾ ಬಗ್ಗೆ ಇದ್ದದ್ದು ಎರಡು ಪುಟ, ಉಳಿದದ್ದು ಅವರದೇ ಪ್ಯಾಕೇಜುಗಳ ಪ್ರಚಾರ. ಮೂಲ ದಾಖಲೆಯ ನಕಲು ಒಂದೂ ಇಲ್ಲ. ಶಿಬಿರದ ಆ ಸಂಗೀತ ಕಛೇರಿಗೆ ಐದು ಸಾವಿರ ಕೈದಿಗಳು ಸೇರಿದ್ದರು, ಸೆಲ್ಲೋಗೆ ಮೂರೇ ತಂತಿ ಇತ್ತು ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಇದು ಮೆಸಿಯಾನ್ ಆಮೇಲೆ ಹೇಳಿಕೊಂಡು ಬಂದ ಕತೆ. ಕಛೇರಿ ನಡೆದದ್ದು 27ನೇ ನಂಬರಿನ ಶೆಡ್ಡಿನಲ್ಲಿ, ಅಲ್ಲಿ ಹಿಡಿಸುವುದೇ ಸುಮಾರು ನಾನೂರು ಜನ. ಇನ್ನು ಪಾಸ್ಕಿಯೇ, ನಾಲ್ಕೂ ತಂತಿ ಇತ್ತು ಅಂತಲೇ ಹೇಳುತ್ತಿದ್ದ. ಕೈದಿಗಳು ಚಂದಾ ಎತ್ತಿ ಕೊಡಿಸಿದ ಸೆಲ್ಲೋ ಅದು, ನುಡಿಸಿದವನು ಅವನು, ತಂತಿ ಎಷ್ಟು ಅಂತ ಅವನಿಗೆ ಗೊತ್ತಿರುವುದಿಲ್ಲವೇ? ಇದನ್ನು ಓದಿ ಹೇಳಿದಾಗ ಕಾಕಾ ಬಿದ್ದು ಬಿದ್ದು ನಕ್ಕರು. "ನಮ್ ಬ್ಯಾಂಡ್ ಇದ್ದ ಮದವಿಗೂ ಐದ್ ಸಾವಿರ ಮಂದಿ ಬಂದಿದ್ರು ಅಂತ ನಾವೂ ಹೇಳ್ತೀವಿ. ಖರೇ ಲೆಕ್ಕ ಎಲಿ ಹಾಕಿದಾಂವಗ ಗೊತ್ತ."

ನಕ್ಷೆಯೂ ತಪ್ಪು. ಶಿಬಿರವನ್ನು ಈಗಿನ ಜರ್ಮನಿಯೊಳಗೆ ಗುರುತು ಮಾಡಿದ್ದರು. ಗೊರ್ಲಿಟ್ಸ್ ಊರು ಜರ್ಮನಿಯಲ್ಲಿದೆ, ನಿಜ. ಆದರೆ ಶಿಬಿರದ ಜಾಗ ನೈಸೆ ನದಿಯ ಆಚೆ ದಂಡೆ, ಯುದ್ಧ ಮುಗಿದ ಮೇಲೆ ಅದು ಪೋಲೆಂಡಿಗೆ ಹೋಯಿತು. ದಾಖಲೆ ಹುಡುಕುವುದೇ ಕಸುಬು ಅನ್ನುವವರಿಗೆ ಇದು ಗೊತ್ತಿರಬೇಕು. ಇನ್ನು ಕಾಕಾ ಕಾಯುತ್ತಿದ್ದ ಸಂಗತಿ, 1941ರಲ್ಲಿ ಅಕೋಕಾ ಕಂಕುಳಲ್ಲಿ ಕ್ಲಾರಿನೆಟ್ ಅವುಚಿಕೊಂಡು ಓಡುವ ರೈಲಿನ ಸಾಹಸದಲ್ಲಿ ತಪ್ಪಿಸಿಕೊಂಡದ್ದು, ರಿಪೋರ್ಟಿನಲ್ಲಿ ಒಂದು ಸಾಲೂ ಇಲ್ಲ! ದೂರು ಕೊಟ್ಟು ಮೇಲ್ ಮಾಡಿದರೆ, ಪ್ರೀಮಿಯಂ ಪ್ಯಾಕ್ ತೆಗೆದುಕೊಳ್ಳಿ ಅಂತ ಉತ್ತರ.

ಸಿಟ್ಟಿನಲ್ಲಿ ನಾನೇ ಹುಡುಕಲು ಕೂತೆ. ಗ್ಯಾಲಿಕಾ ಅಂತ ಒಂದು ವೆಬ್‌ಸೈಟ್ ಇದೆ, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ್ದು, ಪೂರ್ತಿ ಪುಕ್ಕಟೆ. 1940ರಲ್ಲಿ ಸೆರೆ ಸಿಕ್ಕ ಫ್ರೆಂಚ್ ಸೈನಿಕರು ಹೆಚ್ಚುಕಡಿಮೆ 18 ಲಕ್ಷ. ಅವರ ಹೆಸರುಗಳನ್ನು 1940-41ರಲ್ಲಿ ಅಧಿಕೃತ ಪಟ್ಟಿಗಳಾಗಿ ಅಚ್ಚು ಹಾಕಿದ್ದರು, ಸುಮಾರು 100 ಪಟ್ಟಿ. ಅವು ಅಲ್ಲಿ ಓದಲು ಸಿಗುತ್ತವೆ. ಹೆಸರು, ಹುಟ್ಟಿದ ದಿನ, ಊರು, ಯಾವ ದಳ, ಎಲ್ಲ ಒಂದೇ ಸಾಲಿನಲ್ಲಿ. ಫ್ರೆಂಚ್ ಬರದಿದ್ದರೂ ನಡೆಯುತ್ತದೆ. ಕೈದಿಗಳ ಕಡತ ಬೇಕಾದರೆ ಫ್ರಾನ್ಸಿನ ಕಾನ್ (Caen) ನಗರದ ಸೈನ್ಯದ ಪತ್ರಾಗಾರಕ್ಕೆ ಬರೆಯಬೇಕು. ಜಿನೀವಾದ ರೆಡ್‌ಕ್ರಾಸ್‌ನಲ್ಲಿ ಮೊದಲ ಮಹಾಯುದ್ಧದ ಕೈದಿಗಳ ಕಾರ್ಡುಗಳು ಆನ್‌ಲೈನಲ್ಲೇ ಇವೆ. ಎರಡನೇ ಯುದ್ಧದ್ದಕ್ಕೆ ಅರ್ಜಿ ಹಾಕಬೇಕು, ವರ್ಷದಲ್ಲಿ ಕೆಲವೇ ದಿನ ತೆರೆಯುತ್ತಾರೆ, ಕೋಟಾ ತುಂಬಿತು ಅಂದರೆ ಬಂದ್. ಇದಿಷ್ಟನ್ನು ಅರ್ಧ ಪುಟದಲ್ಲಿ ಬರೆದು ಕಳಿಸಿದ್ದರೂ ನಾನು ಮೂರು ಸ್ಟಾರ್ ಕೊಡುತ್ತಿದ್ದೆ.

ಹೆಸರು 'ಎ' ಅಕ್ಷರದಿಂದ ಶುರು ಆಗೋದು ನಮ್ಮ ಪುಣ್ಯ. ಪ್ರತಿ ಪಟ್ಟಿಯ ಮೊದಲ ಒಂದೆರಡು ಪುಟ ನೋಡಿದರೆ ಆಯ್ತು. ಕಾಕಾಗೆ ಮೊಬೈಲ್ ಪರದೆ ಮೇಲೆ ಕಾಣುವುದಿಲ್ಲ, ಅದಕ್ಕೆ ಸೂಪರ್ ಮಾರ್ಕೆಟ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತೇನೆ. ಪುಟಕ್ಕೆ ಎರಡು ರೂಪಾಯಿ. ಮೊದಲ ದಿನ ಅಂಗಡಿಯವರು ಹಾಳೆ ತಿರುವಿ ನೋಡಿ, "ಇದು ಯಾವ ವಾರ್ಡಿನ ವೋಟರ್ ಲಿಸ್ಟ್ ಅದರೀ?" ಅಂತ ಕೇಳಿದರು. ಹೇಳಿದೆ. ಮಸುಕಾಗಿದ್ದ ಪುಟಗಳನ್ನು ಕಪ್ಪು ಜಾಸ್ತಿ ಮಾಡಿ, ದೊಡ್ಡದು ಮಾಡಿ ಮತ್ತೆ ತೆಗೆದುಕೊಟ್ಟರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಐದಕ್ಕೆ ಐದು ಅವರಿಗೆ.

ಈಗ 41ನೇ ಪಟ್ಟಿಯಲ್ಲಿದ್ದೇವೆ. ಕಾಕಾ ಮಧ್ಯಾಹ್ನ ಊಟ ಆದ ಮೇಲೆ ಭೂತಗನ್ನಡಿ ಹಿಡಿದು ಕೂರುತ್ತಾರೆ, ಪೆನ್ಸಿಲಿನಿಂದ ಒಂದೊಂದೇ ಹೆಸರಿಗೆ ಗೀಟು ಹಾಕುತ್ತಾರೆ. ಪಟ್ಟಿಯಲ್ಲಿ ಇವರೊಳಗ ಯಾರ್ಯಾರು ಏನೇನು ಬಾರಸ್ತಿದ್ರು ಅಂತ ಬರೆದಿಲ್ಲ ನೋಡು ಅಂತ ಅವರಿಗೆ ಒಂದೇ ಬೇಜಾರು.